ಮೂಲನಿವಾಸಿಗಳಲ್ಲಿ ಸರ್ಕಾರ ಕೇಳಿದ ಕ್ಷಮೆಯನ್ನು ಓದುವ ಬಗೆ

ಸರ್ಕಾರವೊಂದು ತನ್ನ ನೆಲದ ಮೂಲನಿವಾಸಿಗಳ ಕ್ಷಮೆ ಕೇಳಿತೆಂಬ ಸುದ್ದಿ ಬಂದಾಗ, ತಲೆಬರಹಕ್ಕೆ ನಿಲ್ಲದೆ ಮೂಲ ಪಠ್ಯವನ್ನೇ ತೆಗೆದು ಓದಬೇಕು. ಸಂಸತ್ತಿನಲ್ಲಿ ಆಡಿದ ಮಾತಾಗಿದ್ದರೆ ಅದು ನಡಾವಳಿಯಲ್ಲಿ ದಾಖಲಾಗಿರುತ್ತದೆ.

ಮೊದಲು ಕ್ರಿಯಾಪದವನ್ನು ಗಮನಿಸಿ. ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಹೆತ್ತವರಿಂದ ಕಿತ್ತು ಅನಾಥಾಲಯಗಳಿಗೂ ಬಿಳಿಯರ ಮನೆಗಳಿಗೂ ಸೇರಿಸಿದ ಸಂಗತಿಯನ್ನು ದಾಖಲಿಸಿದ 1997ರ ರಾಷ್ಟ್ರೀಯ ವಿಚಾರಣಾ ವರದಿಯು, ಸಂಸತ್ತುಗಳು ಕ್ಷಮೆ ಕೇಳಬೇಕೆಂದು ಶಿಫಾರಸು ಮಾಡಿತ್ತು. ಆದರೆ 1999ರಲ್ಲಿ ಪ್ರಧಾನಿ ಜಾನ್ ಹೊವಾರ್ಡ್ ಮಂಡಿಸಿದ ಗೊತ್ತುವಳಿ ‘ವಿಷಾದ’ದಲ್ಲೇ ನಿಂತಿತು. ಪ್ರಧಾನಿಯ ಬಾಯಿಂದ ಕ್ಷಮೆಯ ಮಾತು ಸದನದಲ್ಲಿ ಕೇಳಿಬಂದದ್ದು 2008ರ ಫೆಬ್ರುವರಿ 13ರಂದು, ಕೆವಿನ್ ರಡ್ ಅವರ ಕಾಲದಲ್ಲಿ. ನಡೆದುಹೋದದ್ದಕ್ಕೆ ಮರುಗುವುದು ವಿಷಾದ. ಮಾಡಿದ್ದು ನಾವೇ ಎಂದು ಒಪ್ಪಿ ತಲೆಬಾಗುವುದು ಕ್ಷಮೆ. ವರದಿಗಳಲ್ಲಿ ಇವೆರಡೂ ಒಂದೇ ಎಂಬಂತೆ ಬಂದರೆ ಎಚ್ಚರ ವಹಿಸಿ.

ಆಮೇಲೆ, ತಪ್ಪು ಮಾಡಿದವರು ಯಾರೆಂದು ಪಠ್ಯ ಹೇಳುತ್ತದೆ ಎಂಬುದನ್ನು ಹುಡುಕಿ. ನನ್ನ ಮಟ್ಟಿಗೆ ಈ ಓದಿನ ತಿರುಳು ಇಲ್ಲೇ ಇದೆ. ರಡ್ ಮಂಡಿಸಿದ ಪಠ್ಯವು ಹಿಂದಿನ ಸಂಸತ್ತುಗಳ ಮತ್ತು ಸರ್ಕಾರಗಳ ಕಾನೂನು, ನೀತಿಗಳನ್ನೇ ನೇರವಾಗಿ ಹೆಸರಿಸುತ್ತದೆ. ಅಮೆರಿಕದ 2009ರ ಕ್ಷಮಾಪಣೆಯಾದರೋ ಮೂಲನಿವಾಸಿಗಳ ಮೇಲೆ ಅಮೆರಿಕದ ‘ನಾಗರಿಕರು’ ಎಸಗಿದ ಹಿಂಸೆ, ದುರ್ವರ್ತನೆ ಮತ್ತು ಅಲಕ್ಷ್ಯಕ್ಕಾಗಿ ಕ್ಷಮೆ ಕೇಳುತ್ತದೆ. ಒಪ್ಪಂದಗಳನ್ನು ಮುರಿದದ್ದು, ಸೈನ್ಯವನ್ನು ಕಳುಹಿಸಿದ್ದು ಸರ್ಕಾರವೇ ಆಗಿರುವಾಗ, ಆ ಒಂದು ಪದದ ಆಯ್ಕೆಯನ್ನು ನಾನು ಸಣ್ಣದೆಂದು ಎಣಿಸಲಾರೆ. ಆ ಕ್ಷಮಾಪಣೆ ಸೇರಿಕೊಂಡದ್ದು ರಕ್ಷಣಾ ವೆಚ್ಚದ ಶಾಸನವೊಂದರ ಒಳಗೆ. ಇದರಿಂದ ಅಮೆರಿಕದ ವಿರುದ್ಧ ಯಾವ ಹಕ್ಕುದಾವೆಗೂ ಬಲ ಬರುವುದಿಲ್ಲ ಎಂಬ ಷರತ್ತೂ ಅದರಲ್ಲೇ ಇದೆ. ಆದ್ದರಿಂದ ಇಂಥ ಪಠ್ಯಗಳ ಕೊನೆಯ ಕಲಮುಗಳನ್ನು ಬಿಡದೆ ಓದಿ.

ಹೊರಗುಳಿದವರು ಯಾರೆಂಬುದನ್ನೂ ವಿಚಾರಿಸಬೇಕು. ಕೆನಡಾದಲ್ಲಿ ಮೂಲನಿವಾಸಿಗಳ 1,50,000ಕ್ಕೂ ಹೆಚ್ಚು ಮಕ್ಕಳನ್ನು ಭಾಷೆ, ಬಳಗಗಳಿಂದ ದೂರವಿಟ್ಟ ವಸತಿ ಶಾಲೆಗಳಿಗಾಗಿ ಪ್ರಧಾನಿ ಸ್ಟೀಫನ್ ಹಾರ್ಪರ್ 2008ರ ಜೂನ್ 11ರಂದು ಕ್ಷಮೆ ಕೇಳಿದಾಗ, ನ್ಯೂಫೌಂಡ್‌ಲೆಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದ ಶಾಲೆಗಳಲ್ಲಿ ಓದಿದವರು ಅದರಲ್ಲಿ ಸೇರಿರಲಿಲ್ಲ. ಆ ಪ್ರಾಂತ್ಯ ಕೆನಡಾವನ್ನು ಸೇರಿದ್ದು 1949ರಲ್ಲಿ, ಶಾಲೆಗಳು ಅದಕ್ಕೂ ಮೊದಲೇ ಶುರುವಾದವು ಎಂಬುದು ಸರ್ಕಾರದ ವಾದವಾಗಿತ್ತು. ಮನೆಯಿಂದ ಒಯ್ಯಲ್ಪಟ್ಟ ಮಗುವಿಗೆ ಶಾಲೆ ಯಾವ ಆಡಳಿತದ್ದಾದರೇನು?

ಹಣದ ವಿಷಯವನ್ನು ದಿನಾಂಕದೊಂದಿಗೆ ಬರೆದುಕೊಂಡರೆ ಸಾಕು: ಕೆನಡಾದಲ್ಲಿ ಪರಿಹಾರದ ಒಪ್ಪಂದ ಕ್ಷಮೆಗಿಂತ ಮೊದಲೇ ಆಗಿತ್ತು, ಆಸ್ಟ್ರೇಲಿಯದ ಕೇಂದ್ರ ಸರ್ಕಾರ ತನ್ನ ಆಡಳಿತದಲ್ಲಿದ್ದ ಪ್ರದೇಶಗಳ ಸಂತ್ರಸ್ತರಿಗೆ ಪರಿಹಾರ ಯೋಜನೆ ಪ್ರಕಟಿಸಿದ್ದು 2021ರಲ್ಲಿ.

ಕಡೆಯದಾಗಿ, ಕೇಳಿಸಿಕೊಂಡವರು ಏನೆಂದರು ಎಂಬುದನ್ನು ಓದದೆ ಪುಟ ಮುಚ್ಚಬೇಡಿ. ಹೊರಗುಳಿದಿದ್ದ ಲ್ಯಾಬ್ರಡಾರಿನ ಜನರಲ್ಲಿ ಪ್ರಧಾನಿ ಜಸ್ಟಿನ್ ಟ್ರೂಡೊ 2017ರ ನವೆಂಬರ್‌ನಲ್ಲಿ ಅಲ್ಲಿಗೇ ಹೋಗಿ ಕ್ಷಮೆ ಕೇಳಿದರು. ತಮ್ಮ ಜನ ಅನುಭವಿಸಿದ್ದೆಲ್ಲವೂ ಅದರಲ್ಲಿ ಸೇರಿಲ್ಲವೆಂದು ಅಲ್ಲಿನ ‘ಇನ್ನು’ (Innu) ಎಂಬ ಮೂಲನಿವಾಸಿ ಸಮುದಾಯದ ನಾಯಕರು ಅದನ್ನು ಸ್ವೀಕರಿಸಲಿಲ್ಲ. ಆ ನಿರಾಕರಣೆಯನ್ನು ಕ್ಷಮೆಯ ಪಠ್ಯದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.