ಬೆಲ್ಟ್ ಮೊದಲು, ಮಷಿನ್ ಆಮೇಲೆ

ಮಾವ ಎರಡು ನಿಮಿಷ ಸುಮ್ಮನೆ ಕೇಳಿದ. ಆಮೇಲೆ ಕವಳದ ಬಟ್ಟಲು ಪಕ್ಕಕ್ಕಿಟ್ಟು, "ಇದು ಭಾಗವತ್ರ ಸ್ವರವೇ ಅಲ್ಲ ತಮಾ. ಯಾರೋ ಜ್ವರ ಬಂದವ್ರು ಹಾಡ್ದಂಗೆ ಇದ್ದು" ಅಂದ.

ಟೇಪಿನ ರೀಲು ಅವನದೇ. ಪ್ರಾಯದ ಕಾಲದಲ್ಲಿ ಹೊನ್ನಾವರದ ಕಡೆಯ ಒಂದು ತಾಳಮದ್ದಲೆಯನ್ನು ಯಾರದೋ ಮಷಿನ್ನಿನಲ್ಲಿ ತುಂಬಿಸಿಕೊಂಡು, ಅಷ್ಟು ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ. ಮಷಿನ್ ನನ್ನದು, ಹಳೆಯ ರೀಲ್ ಟೇಪ್ ರೆಕಾರ್ಡರು. ಕುಮಟಾದಿಂದ ರೈಲಿನಲ್ಲಿ ಮಡಗಾಂವಿಗೆ ಹೋಗಿ, ಹಡಗಿನಲ್ಲಿ ದುಡಿದು ಬಂದವರೊಬ್ಬರ ಮನೆಯಿಂದ ಹೊತ್ತು ತಂದು ಆಗಿನ್ನೂ ಹದಿನೈದು ದಿನ. ಇಪ್ಪತ್ತು ಕೇಜಿಯಂಥ ಭಾರ, ನೋಡಲು ಬಲು ಚಂದ, ಎರಡು ದೊಡ್ಡ ಚಕ್ರ, ಸೂಜಿ ಆಡುವ ಮೀಟರು. ಮನೆಯಲ್ಲಿ ಹಾಡು ತುಂಬಿಸಿಕೊಳ್ಳಲು ಮೊದಲ ಮಷಿನ್ ಅಂತ ಇದನ್ನೇ ಆರಿಸಿದ್ದೆ. ಆರಿಸಿದ್ದೆ ಅನ್ನುವುದಕ್ಕಿಂತ ಮರುಳಾಗಿದ್ದೆ ಅಂದರೆ ಸರಿ.

ಹಾರ್ಮೋನಿಯಂ ತಂದು ಶ್ರುತಿ ಹುಡುಕಿದೆ. ಭಾಗವತರು ಹಾಡಿದ್ದು ಬಿಳಿ ನಾಲ್ಕಕ್ಕೆ, ಅಂದರೆ ನಾಲ್ಕನೇ ಬಿಳಿ ಮನೆಯ ಶ್ರುತಿಗೆ, ಅದು ಮಾವನಿಗೆ ಖಚಿತವಾಗಿ ನೆನಪಿತ್ತು. ಮಷಿನ್ನಿನಿಂದ ಬರುತ್ತಿದ್ದದ್ದು ಬಿಳಿ ಎರಡಕ್ಕಿಂತಲೂ ಒಂದು ಕೂದಲೆಳೆ ಕೆಳಗೆ. ನಡುವಿನ ಕರಿ ಮನೆಯನ್ನೂ ಎಣಿಸಿದರೆ ಮೂರು ಮನೆ ಇಳಿದಿದೆ! ಹದಿನೈದು ದಿನ ನಾನೇ ಅದರಲ್ಲಿ ನುಡಿಸಿ, ತುಂಬಿಸಿ, ಕೇಳಿ ಖುಷಿಪಟ್ಟಿದ್ದೆ. ಆಗ ಒಂದು ಚೂರೂ ಅನುಮಾನ ಬರಲಿಲ್ಲ.

ಕಾರಣ ಹೇಳಿದ್ದು ನಮ್ಮೂರಿನ ರೇಡಿಯೊ ರಿಪೇರಿಯವರು. ಆ ಮಷಿನ್ ಅಮೆರಿಕದ ಕರೆಂಟಿಗೆ ಮಾಡಿದ್ದು. ಮಾರಿದವರು 230 ವೋಲ್ಟನ್ನು ಅದಕ್ಕೆ ಬೇಕಾದಷ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನೂ ಕೊಟ್ಟಿದ್ದರು, ಅದರಲ್ಲಿ ಮೋಸವಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಇಳಿಸುವುದು ವೋಲ್ಟನ್ನು ಮಾತ್ರ. ಅಲ್ಲಿನ ಕರೆಂಟು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಅಲೆಯಾಡುವಂಥದ್ದು, ನಮ್ಮದು 50. ಹಳೆಯ ಎಷ್ಟೋ ರೀಲ್ ಮಷಿನ್ನುಗಳ ಮೋಟಾರು ಓಡುವುದೇ ಈ ಹರ್ಟ್ಸಿನ ಲೆಕ್ಕಕ್ಕೆ. ಹಾಗಾಗಿ ಸೆಕೆಂಡಿಗೆ 19 ಸೆಂಟಿಮೀಟರ್ ಓಡಬೇಕಾದ ಟೇಪು ನಮ್ಮಲ್ಲಿ 16ರ ಹತ್ತಿರ ಓಡುತ್ತದೆ. ನಾನು ತುಂಬಿಸಿದ್ದು ನಿಧಾನ, ಕೇಳಿದ್ದೂ ಅಷ್ಟೇ ನಿಧಾನ, ಅಲ್ಲಿಗೆ ಎರಡೂ ಸರಿಹೋಯಿತು. ಬೇರೆ ಮಷಿನ್ನಿನ ಟೇಪು ಹಾಕಿದಾಗ ಬಣ್ಣ ಬಯಲಾಯಿತು. ಕೆಲವು ಮಷಿನ್ನುಗಳಲ್ಲಿ ಒಂದು ಪುಲ್ಲಿ ಬದಲಿಸಿದರೆ 50ಕ್ಕೂ ಹೊಂದುತ್ತದಂತೆ. ನನ್ನದರ ಪುಲ್ಲಿ ಯಾರ ಬಳಿಯೂ ಇರಲಿಲ್ಲ.

ರಿಪೇರಿಯವರು ಮುಚ್ಚಳ ಮುಚ್ಚುತ್ತಾ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಮಷಿನ್ ತಗಂಬಲೆ ಯಾರಿಗೂ ಬತ್ತು. ಬೆಲ್ಟ್ ಎಲ್ಲಿ ಸಿಗ್ತು, ಟೇಪ್ ಎಲ್ಲಿ ಸಿಗ್ತು ನೋಡ್ಕ್ಯಂಡು ಆಮೇಲೆ ಮಷಿನ್ ತಗ." ಬೆಲ್ಟ್ ಅಂದರೆ ಮೋಟಾರಿನ ಓಟವನ್ನು ಚಕ್ರಕ್ಕೆ ದಾಟಿಸುವ ರಬ್ಬರ್ ಪಟ್ಟಿ. ಎರಡನೇ ಸಲ ನಾನು ಹಾಗೇ ಮಾಡಿದೆ.

ಮೊದಲು ನನಗೆ ಏನು ಬೇಕಿತ್ತು ಅನ್ನುವುದನ್ನು ಹೇಳಬೇಕು. ನಮ್ಮ ಮನೆಯಲ್ಲಿ ಹಾರ್ಮೋನಿಯಂ ನನ್ನದು, ಮದ್ದಳೆ ಚಿಕ್ಕಪ್ಪನ ಮಗನದು, ಆಯಿ ಸಂಪ್ರದಾಯದ ಹಾಡು ಹೇಳುತ್ತಾಳೆ. ಮೂವರೂ ಒಟ್ಟಿಗೆ ಕೂರುವುದು ವರ್ಷಕ್ಕೆ ನಾಲ್ಕು ಸಲ. ಇವತ್ತು ಆಯಿಯ ಸ್ವರ, ಬರುವ ವಾರ ಮದ್ದಳೆ, ಇನ್ನೊಂದು ದಿನ ನನ್ನ ಹಾರ್ಮೋನಿಯಂ, ಹೀಗೆ ಒಂದರ ಮೇಲೊಂದು ಕೂರಿಸಬೇಕಿತ್ತು. ಫೋನಿನಲ್ಲೂ ಆಗುತ್ತದೆ, ಗೊತ್ತು. ಫೋನಿನಲ್ಲಿ ನಾನು ಒಂದೇ ಪದವನ್ನು ನಲವತ್ತು ಸಲ ಅಳಿಸಿ ತುಂಬಿಸಿ ಕಡೆಗೆ ಯಾವುದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಟೇಪಿನಲ್ಲಿ ಮೂರನೇ ಸಲಕ್ಕೆ ಸಾಕೆನಿಸುತ್ತದೆ. ನನ್ನ ಕಾರಣ ಇಷ್ಟೇ, ಉಳಿದ ಪವಾಡಗಳ ಬಗ್ಗೆ ನನಗೆ ಅಂಥ ನಂಬಿಕೆಯಿಲ್ಲ.

ಮನೆಯಲ್ಲಿ ಹಳೆಯ ಟೂ-ಇನ್-ವನ್ ಒಂದಿತ್ತು, ಭಟ್ಕಳದ ಪೇಟೆಯಿಂದ ಬಂದದ್ದು. ಗಲ್ಫಿನ ಸಾಮಾನು ಅಂದರೆ ಆಗ ಭಟ್ಕಳವೇ. ಅದರಲ್ಲಿ ಸಾಲದೇ ಅಂತ ಮೊದಲು ಪರೀಕ್ಷಿಸಿದೆ, ಸಾಲಲಿಲ್ಲ. ಅದರೊಳಗೆ ಸದ್ದನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ ಇರುತ್ತದೆ. ಆಯಿ ಒಂದು ಚರಣ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿತ್ತಲಿನ ಜೀರುಂಡೆ ಊರಿಗೇ ಕೇಳುವಷ್ಟು ಜೋರಾಗುತ್ತಿತ್ತು. ಅವಳು ಮತ್ತೆ ಬಾಯಿ ತೆರೆದ ಕೂಡಲೇ ಜೀರುಂಡೆ ಮಾಯ. ಸ್ಟೀರಿಯೊ ಕ್ಯಾಸೆಟ್ ಡೆಕ್ಕಿನಲ್ಲಿ ಈ ಕಾಟವಿಲ್ಲ, ಮಟ್ಟವನ್ನು ನಾವೇ ಇಡಬಹುದು. ಆದರೆ ಎಡ-ಬಲ ಎರಡೂ ಚಾನೆಲ್ ಒಟ್ಟಿಗೇ ತುಂಬುತ್ತವೆ, ಆಮೇಲೆ ಒಂದನ್ನು ಸೇರಿಸುವ ದಾರಿಯಿಲ್ಲ.

ಉಳಿದದ್ದು ಕ್ಯಾಸೆಟ್ಟಿನ ನಾಲ್ಕು ಟ್ರ್ಯಾಕ್ ಮಷಿನ್. ಟ್ರ್ಯಾಕ್ ಅಂದರೆ ಟೇಪಿನ ಉದ್ದಕ್ಕೂ ಸ್ವರ ತುಂಬುವ ಒಂದು ಪಟ್ಟಿ. ಫಿಲಿಪ್ಸ್ 1963ರಲ್ಲಿ ತಂದ ಅದೇ ಸಾದಾ ಕ್ಯಾಸೆಟ್ಟಿನ ಮೇಲೆ ನಾಲ್ಕು ಬೇರೆ ಬೇರೆ ಟ್ರ್ಯಾಕ್ ಹಾಕುವ ಮಷಿನ್ನನ್ನು ಟ್ಯಾಸ್ಕಮ್ 1979ರಲ್ಲಿ ಹೊರತಂದಿತು, ಹೆಸರು ಪೋರ್ಟಾಸ್ಟುಡಿಯೊ. ಆಮೇಲೆ ಫೋಸ್ಟೆಕ್ಸ್, ಯಮಾಹಾ ಎಲ್ಲ ಬಂದವು. ಉಪಾಯ ಸರಳ. ಸಾದಾ ಕ್ಯಾಸೆಟ್ಟಿನಲ್ಲಿ ಎ ಬದಿಗೆ ಎರಡು, ಬಿ ಬದಿಗೆ ಎರಡು ಟ್ರ್ಯಾಕ್ ಇರುತ್ತವಲ್ಲ, ಈ ಮಷಿನ್ ನಾಲ್ಕನ್ನೂ ಒಂದೇ ದಿಕ್ಕಿಗೆ ಬಳಸುತ್ತದೆ. ಮಗಳು ಒಮ್ಮೆ ಭಜನೆಯ ಕ್ಯಾಸೆಟ್ಟನ್ನು ಅದಕ್ಕೆ ಹಾಕಿ ನಾಲ್ಕೂ ಗುಂಡಿ ಏರಿಸಿದಳು. ಒಂದು ಭಜನೆ ನೆಟ್ಟಗೆ, ಇನ್ನೊಂದು ಹಿಂದುಮುಂದಾಗಿ, ಎರಡೂ ಒಟ್ಟಿಗೆ. ಆಯಿ ದೇವರ ಕೋಣೆಯಿಂದ ಓಡಿ ಬಂದಿದ್ದಳು.

ಇವುಗಳ ಮೋಟಾರು ಡಿಸಿ ಕರೆಂಟಿನದು, ಆದ್ದರಿಂದ ಹರ್ಟ್ಸಿನ ಗೋಳಿಲ್ಲ. ಹೊರಗಿನ ಅಡಾಪ್ಟರಿನದಾದರೆ ಅಡಾಪ್ಟರ್ ಒಂದನ್ನೇ ಇಲ್ಲಿಯದು ಹುಡುಕಿಕೊಂಡರೆ ಆಯಿತು. ಪಿನ್ನಿನ ಒಳಗೆ ಪ್ಲಸ್ಸೋ ಹೊರಗೆ ಪ್ಲಸ್ಸೋ ಅಂತ ಮಷಿನ್ನಿನ ಮೇಲೆ ಚಿತ್ರ ಬರೆದಿರುತ್ತಾರೆ. ಅದನ್ನು ನೋಡದೆ ಚುಚ್ಚಬೇಡಿ.

ಮೂರು ತಿಂಗಳು ಕಾದು, ಬೆಂಗಳೂರಿನಲ್ಲಿ ಒಬ್ಬರ ಬಳಿ ಇದ್ದ ಟ್ಯಾಸ್ಕಮ್ 424 ನೋಡಲು ಹೋದೆ. ಜೊತೆಗೆ ಒಯ್ದದ್ದು ಒಂದು ಹೊಸ ಕ್ಯಾಸೆಟ್, ಒಂದು ಟಾರ್ಚು, ಒಂದು ಶ್ರುತಿಪೆಟ್ಟಿಗೆ. ಅವರು ಶ್ರುತಿಪೆಟ್ಟಿಗೆ ನೋಡಿ ನಕ್ಕರು. ಆದರೆ ಟೇಪ್ ಓಟದ ದೋಷ ಹಿಡಿಯಲು ಅದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಗಿಟಾರ್ ತಂತಿ ಮೀಟಿದರೆ ಸ್ವರ ಸಾಯುತ್ತಾ ಹೋಗುತ್ತದೆ, ಮನುಷ್ಯನ ಸ್ವರ ತಾನೇ ಅಲ್ಲಾಡುತ್ತದೆ. ಶ್ರುತಿಪೆಟ್ಟಿಗೆಯ ಷಡ್ಜ ಗೋಡೆಯ ಹಾಗೆ ನಿಲ್ಲುತ್ತದೆ. ಎರಡು ನಿಮಿಷ ಅದನ್ನೇ ತುಂಬಿಸಿ, ತಿರುಗಿಸಿ ಕೇಳಿದೆ. ನಿಧಾನಕ್ಕೆ ಅಲೆಯಂತೆ ಏರಿಳಿದರೆ ಬೆಲ್ಟ್ ಸಡಿಲ ಅಥವಾ ರಬ್ಬರ್ ರೋಲರ್ ಗಟ್ಟಿಯಾಗಿದೆ. ಗಂಟಲು ಕಟ್ಟಿದವರಂತೆ ಬೇಗ ಬೇಗ ನಡುಗಿದರೆ ಟೇಪನ್ನು ಎಳೆಯುವ ಉಕ್ಕಿನ ಕಡ್ಡಿಯಲ್ಲಿ ಕೊಳೆಯೋ ಸೊಟ್ಟವೋ ಇದೆ. ಅಲ್ಲಿ ಕೇಳಿಸಿದ್ದು ಅಲೆ. ಅದು ಬೆಲ್ಟಿನದ್ದಾದರೆ ಸರಿಹೋಗುತ್ತದೆ ಅಂತ ಧೈರ್ಯ ಮಾಡಿದೆ.

ನಾಲ್ಕೂ ಟ್ರ್ಯಾಕಿಗೆ ಒಂದೊಂದಾಗಿ ತುಂಬಿಸಿ ನೋಡಿದೆ, ಏಕೆಂದರೆ ಮೂರು ಚೆನ್ನಾಗಿದ್ದು ಒಂದು ಸತ್ತಿದ್ದರೆ ಮಾರುವವರಿಗೂ ಗೊತ್ತಿರುವುದಿಲ್ಲ. ಟಾರ್ಚು ಹಾಕಿ ಹೆಡ್ಡು, ಅಂದರೆ ಸ್ವರವನ್ನು ಟೇಪಿಗೆ ಬರೆದು ಓದುವ ಭಾಗ, ನೋಡಿದೆ. ಟೇಪು ಉಜ್ಜಿ ಉಜ್ಜಿ ಹೆಡ್ಡಿನ ಮೇಲೆ ಪಟ್ಟಿ ಬಿದ್ದಿರುತ್ತದೆ. ಉಗುರು ಸಿಕ್ಕುವಷ್ಟು ಆಳವಾಗಿದ್ದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು, ಹೆಡ್ಡು ಬದಲಿಸುವುದು ಅಂದರೆ ಇನ್ನೊಂದು ಮಷಿನ್ ತಂದಂತೆಯೇ. ಇದರಲ್ಲಿ ಹೊಳಪಿತ್ತು, ಗುಳಿಯಿರಲಿಲ್ಲ. ಹಳೆಯ ಮಷಿನ್ನುಗಳಲ್ಲಿ ಬೆಲ್ಟು ಕರಗಿ ಡಾಂಬರಿನಂತಾಗಿ ಅಂಟಿಕೊಂಡಿರುವುದೂ ಉಂಟು. ಅದು ಅಷ್ಟು ಕೆಟ್ಟದ್ದಲ್ಲ, ಒರೆಸಿ ತೆಗೆಯಬಹುದು, ಕೈ ಮಾತ್ರ ಎರಡು ದಿನ ಕಪ್ಪು.

26,000 ರೂಪಾಯಿಗೆ ಮಾತಾಯಿತು. ಕುಮಟಾಕ್ಕೆ ತಂದು ಬಿಚ್ಚಿದರೆ ನಿಜಕ್ಕೂ ಬೆಲ್ಟೇ ಸಡಿಲ. ರಿಪೇರಿಯವರು ಹಳೆಯ ಬೆಲ್ಟನ್ನು ಮೇಜಿನ ಮೇಲೆ ಹರಡಿ, ಅಳತೆ ಹಿಡಿದು, ತಮ್ಮ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ನೂರಾರು ಬೆಲ್ಟಿನಲ್ಲಿ ಮೂರನ್ನು ಹಾಕಿ ನೋಡಿದರು. ಮೂರನೆಯದು ಕೂತಿತು. ಶ್ರುತಿಪೆಟ್ಟಿಗೆಯ ಷಡ್ಜ ನೆಟ್ಟಗಾಯಿತು.

ಟೇಪಿನ ವಿಷಯದಲ್ಲಿ ಇನ್ನೊಮ್ಮೆ ಬೇಸ್ತು ಬಿದ್ದೆ. ಅಟ್ಟದ ಮೇಲಿದ್ದ ಹಳೆಯ ಭಕ್ತಿಗೀತೆ ಕ್ಯಾಸೆಟ್ಟುಗಳ ಮುರಿದ ಮೂಲೆಗೆ ಸೆಲ್ಲೋಟೇಪ್ ಅಂಟಿಸಿ ಅವುಗಳ ಮೇಲೇ ತುಂಬಿಸಿದೆ, ಮಂಕಾಗಿ ಬಂತು. ಈ ಮಷಿನ್ನುಗಳನ್ನು ಹೊಂದಿಸಿರುವುದು ಟೈಪ್ 2 ಟೇಪಿಗೆ, ಅಂದರೆ ಕ್ರೋಮ್ ಅಂತ ಕರೆಯುತ್ತಿದ್ದ ಬಗೆಗೆ. ಮಾರುಕಟ್ಟೆಯ ಹಾಡಿನ ಕ್ಯಾಸೆಟ್ಟುಗಳೆಲ್ಲ ಹೆಚ್ಚಾಗಿ ಟೈಪ್ 1. ಗುರುತು ಬೆನ್ನಿನಲ್ಲಿದೆ: ಅಳಿಸದಂತೆ ಮುರಿಯುವ ಮೂಲೆಯ ಪಕ್ಕದಲ್ಲೇ ಇನ್ನೊಂದು ತೂತಿದ್ದರೆ ಟೈಪ್ 2. ಟಿಡಿಕೆ ಎಸ್‌ಎ, ಮ್ಯಾಕ್ಸೆಲ್ ಎಕ್ಸ್‌ಎಲ್ 2 ಈ ಜಾತಿಯವು. ಈಗ ಸಿಗುವುದು ಯಾರೋ ಬಿಚ್ಚದೆ ಇಟ್ಟಿದ್ದ ಹಳೆಯ ಸರಕು, ಬೆಲೆ ಕೇಳಿದರೆ ಅಡಿಕೆ ರೇಟು ನೆನಪಾಗುತ್ತದೆ. ಉದ್ದ 60 ನಿಮಿಷದ್ದು ಸಾಕು, 120ರದ್ದು ಕಾಗದಕ್ಕಿಂತ ತೆಳು, ಸಿಕ್ಕಿಹಾಕಿಕೊಳ್ಳುತ್ತದೆ. ಮಷಿನ್ನನ್ನು ಇಮ್ಮಡಿ ವೇಗದಲ್ಲಿ ಓಡಿಸಿದರೆ ಸ್ವರ ಸ್ವಚ್ಛ, ಆದರೆ 60 ನಿಮಿಷದ ಕ್ಯಾಸೆಟ್ಟಿಗೆ ಸಿಗುವುದು 15 ನಿಮಿಷ ಮಾತ್ರ. ಒಂದು ಬದಿಯ ಅರ್ಧ ಗಂಟೆಯಲ್ಲಿ ಅರ್ಧ. ಮೂರು ಪದಕ್ಕೆ ಒಂದು ಕ್ಯಾಸೆಟ್ ಖಾಲಿ.

ಟೇಪಿನ ಸುಯ್ ಎನ್ನುವ ಸದ್ದು ಕಡಿಮೆ ಮಾಡಲು ಇದರಲ್ಲಿ ಡಿಬಿಎಕ್ಸ್ ಇದೆ. ತುಂಬಿಸುವಾಗ ಸದ್ದನ್ನು ಹಿಂಡಿ, ಕೇಳಿಸುವಾಗ ಅಷ್ಟೇ ಹಿಗ್ಗಿಸುತ್ತದೆ. ಹಾರ್ಮೋನಿಯಂಗೆ, ಆಯಿಯ ಸ್ವರಕ್ಕೆ ವರವೇ ಸರಿ. ಮದ್ದಳೆಗೆ ಹಾಕಿ ನೋಡಿ: ಪ್ರತಿ ಪೆಟ್ಟಿನ ಹಿಂದೆ ಯಾರೋ ಉಬ್ಬಸ ಇದ್ದವರು ಉಸಿರಾಡಿದ ಹಾಗೆ ಸುಯ್ ಸುಯ್ ಬರುತ್ತದೆ. ಮದ್ದಳೆಯ ಕ್ಯಾಸೆಟ್ಟಿಗೆ ಈಗ ಅದನ್ನು ಬಂದ್ ಮಾಡಿಯೇ ಇಡುತ್ತೇನೆ, ಬದಲಿಗೆ ಮಟ್ಟವನ್ನು ಮೀಟರು ಕೆಂಪು ಮುಟ್ಟುವಷ್ಟು ಏರಿಸುತ್ತೇನೆ. ಪೆಟ್ಟಿನ ಚೂಪು ತುದಿ ಟೇಪಿನಲ್ಲೇ ಸ್ವಲ್ಪ ಉಜ್ಜಿಹೋಗುತ್ತದೆ, ಕೇಳಲು ಹಿತ. ಚಂಡೆ ಮಾತ್ರ ಬೇರೆ ಕೋಣೆಯಲ್ಲಿ ಇಟ್ಟರೂ ನನಗೆ ಇನ್ನೂ ಒಲಿದಿಲ್ಲ.

ಇನ್ನು ಮಳೆಗಾಲ. ಕರಾವಳಿಯಲ್ಲಿ ಇರುವವರು ಮಷಿನ್ ಆರಿಸುವಾಗಲೇ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್ ಬಂತೆಂದರೆ ಚಪ್ಪಲಿಗೆ ಬರುವ ಬೂಸ್ಟು ಟೇಪಿನ ಅಂಚಿಗೂ ಬರುತ್ತದೆ, ಬಿಳಿ ಹುಡಿಯಂತೆ. 70-80ರ ದಶಕದ ಕೆಲವು ರೀಲ್ ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿ ಹೆಡ್ಡಿಗೇ ಮೆತ್ತಿಕೊಳ್ಳುತ್ತದೆ. ರೀಲ್ ಮೋಹ ಬಿಡಲು ನನಗೆ ಇದೂ ಒಂದು ಕಾರಣ. ಕ್ಯಾಸೆಟ್ಟುಗಳನ್ನು ಆಯಿಯ ಹಪ್ಪಳದ ಡಬ್ಬಿಯಂಥದೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿತು ಅಂತ. ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಅಡುಗೆಯದ್ದಾಗಬಾರದು, ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಮಷಿನ್ನನ್ನು ವಾರಕ್ಕೊಮ್ಮೆಯಾದರೂ ಹತ್ತು ನಿಮಿಷ ಓಡಿಸುತ್ತೇನೆ, ಇಲ್ಲದಿದ್ದರೆ ಉಪ್ಪುಗಾಳಿಗೆ ಉಕ್ಕಿನ ಕಡ್ಡಿ ಮಬ್ಬಾಗುತ್ತದೆ. ಹೆಡ್ಡು ಒರೆಸುವ ಐಪಿಎ ಅನ್ನುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿ, ಬೋರ್ಡ್ ತೊಳೆಯಲು ಅವರು ಇಟ್ಟಿರುತ್ತಾರೆ. ರಬ್ಬರ್ ರೋಲರಿಗೆ ಅದು ಬೇಡ, ಸೋಪಿನ ನೀರು ಸಾಕು.

ಕರೆಂಟು ಹೋದಾಗ ಮನೆಯ ಇನ್ವರ್ಟರಿನಲ್ಲಿ ತುಂಬಿಸಲು ಹೋಗಿ, ಹಾಡಿನುದ್ದಕ್ಕೂ ಜೇನುಹುಟ್ಟಿನಂಥ ಗುಂಯ್ ಸಿಕ್ಕಿದ ಮೇಲೆ ಆ ಆಟವನ್ನೂ ಬಿಟ್ಟೆ.

ರೀಲ್ ಮಷಿನ್ನನ್ನು ಅರ್ಧ ಬೆಲೆಗೆ ಕೊಟ್ಟೆ, ಕೊಂಡವರಿಗೆ ಹರ್ಟ್ಸಿನ ಕಥೆಯನ್ನು ಪೂರ್ತಿ ಹೇಳಿಯೇ. ಕೊಡುವ ಮೊದಲು ಒಂದು ಕೆಲಸ ಮಾಡಿಕೊಂಡೆ. ಮಾವನ ತಾಳಮದ್ದಲೆಯನ್ನು ಅದರ ನಿಧಾನದ ಓಟದಲ್ಲೇ ಕಂಪ್ಯೂಟರಿಗೆ ಇಳಿಸಿ, ವೇಗವನ್ನು 1.2 ಪಟ್ಟು ಮಾಡಿದೆ. 60ನ್ನು 50ರಿಂದ ಭಾಗಿಸಿದರೆ ಬರುವುದು ಅಷ್ಟೇ ತಾನೇ. ಹಾರ್ಮೋನಿಯಂ ಹಿಡಿದು ನೋಡಿದರೆ ಬಿಳಿ ನಾಲ್ಕು, ಕೂದಲೆಳೆಯೂ ವ್ಯತ್ಯಾಸವಿಲ್ಲ.

ಮಾವನನ್ನು ಕರೆದು ಕೂರಿಸಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಪದ ಕೇಳಿದ.

"ಹ್ಞಾ, ಈಗ ಭಾಗವತ್ರು ಬಂದ್ರು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಮದ್ದಳೆ ಮಾತ್ರ ಇನ್ನೂ ಎಳೀತಾ ಇದ್ದು. ಅದು ಮಷಿನ್ನಿಂದಲ್ಲ ಬಿಡು, ಅಂವ ಯಾವಾಗ್ಲೂ ಹಂಗೇಯ."