ಚಟ್ನಿಪುಡಿ ಮಾರೋದಕ್ಕೂ ಪ್ರಾಡಕ್ಟ್ ಸ್ಟ್ರಾಟಜಿ ಬೇಕಾ? ಬೇಕು, ಹೀಗೆ ಮಾಡ್ಕೊಳ್ಳಿ

ಮನೇಲಿ ಶೇಂಗಾ ಚಟ್ನಿಪುಡಿ ಚೆನ್ನಾಗಿ ಮಾಡ್ತೀರಾ, ತಿಂದೋರೆಲ್ಲ "ಇದನ್ನ ಮಾರ್ರೀ, ಭಾಳ ಹೋಗ್ತದ" ಅಂತಾರೆ, ನೀವೂ ಹುಮ್ಮಸ್ಸಲ್ಲಿ ಶುರು ಮಾಡಿ ಎರಡೇ ತಿಂಗಳಲ್ಲಿ ಶೇಂಗಾ, ಅಗಸೆ, ಗುರೆಳ್ಳು, ಪುಟಾಣಿ, ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಹಬ್ಬ ಬಂದ್ರೆ ಕರ್ಚಿಕಾಯಿ ಅಂತ ವಾಟ್ಸಾಪ್ ಸ್ಟೇಟಸ್ ತುಂಬಿಸಿಬಿಡ್ತೀರಾ. ಆಮೇಲೆ ಅರ್ಧ ಮಾಲು ಹಾಗೇ ಉಳಿಯತ್ತೆ, ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ. ಪ್ರಾಡಕ್ಟ್ ಸ್ಟ್ರಾಟಜಿ ಅಂದ್ರೆ ದೊಡ್ಡ ಕಂಪನಿಯವರ ಪಿಪಿಟಿ ವಿಷಯ ಅಂತ ಬಿಡಬೇಡಿ. ಯಾರಿಗೆ, ಅವರ ಯಾವ ಕಷ್ಟಕ್ಕೆ, ಎಷ್ಟಕ್ಕೆ, ಮತ್ತೆ ಏನೇನು ಮಾಡಲ್ಲ, ಇಷ್ಟನ್ನ ಒಂದು ಹಾಳೇಲಿ ಬರ್ಕೊಳ್ಳೋದು ಅಷ್ಟೇ. ಕೊನೇದು ಬರೆಯೋದೇ ಕಷ್ಟ.

ಮೊದಲು: ಯಾರಿಗೆ?

"ಎಲ್ಲರಿಗೂ" ಅಂತ ಬರೆದಿದ್ರೆ ಆ ಹಾಳೆ ಹರಿದು ಹಾಕಿ. ಬೆಂಗಳೂರಿನ ಪಿಜಿಯಲ್ಲಿರೋ ವಿಜಯಪುರದ ಹುಡುಗನಿಗೆ ಚಿಕ್ಕ ಪ್ಯಾಕೆಟ್ ಬೇಕು, ಫ್ರಿಡ್ಜ್ ಇಲ್ಲದೆ ಉಳೀಬೇಕು, ಬ್ಯಾಗಲ್ಲಿ ಎಣ್ಣೆ ಸೋರಬಾರದು. ಖಾನಾವಳಿಯವರಿಗೆ ಕಿಲೋಗಟ್ಟಲೆ ಬೇಕು, ರೇಟು ಕಮ್ಮಿ ಇರಬೇಕು, ಪ್ರತಿ ಸಲ ಖಾರ ಒಂದೇ ಥರ ಇರಬೇಕು. ಪುಡಿ ಅದೇ ಆದ್ರೂ ಇವು ಎರಡು ಬೇರೆ ಬೇರೆ ಪ್ರಾಡಕ್ಟು, ಒಂದನ್ನ ಆರಿಸ್ಕೊಳ್ಳಿ. ನಾವು ಪಿಜಿ ಹುಡುಗನನ್ನೇ ಹಿಡ್ಕೊಂಡು ಮುಂದೆ ಹೋಗೋಣ.

ಆಮೇಲೆ: ಕಷ್ಟ ಏನು?

"ರುಚಿ ಹೇಗಿದೆ" ಅಂತ ಕೇಳಬೇಡಿ, ಎದುರಿಗೆ ಯಾರೂ ಚೆನ್ನಾಗಿಲ್ಲ ಅನ್ನಲ್ಲ. ಹೋದ ಸಲ ಯಾವಾಗ ತಗೊಂಡ್ರಿ, ಎಲ್ಲಿಂದ, ಯಾವುದರ ಜೊತೆ ತಿಂದ್ರಿ, ಪ್ಯಾಕೆಟ್ ಅರ್ಧ ಉಳಿದಿದ್ರೆ ಯಾಕೆ ಉಳೀತು, ಇದನ್ನ ಕೇಳಿ. 2005ರಲ್ಲಿ ಬೆಂಗಳೂರಲ್ಲಿ ಇಡ್ಲಿ-ದೋಸೆ ಹಿಟ್ಟಿಂದ ಶುರುವಾದ ಐಡಿ ಫ್ರೆಶ್ ಕಂಪನಿ ಮುಂದೆ ವಡೆ ಹಿಟ್ಟು ತಂದಾಗ ಗಮನಿಸಿದೀರಾ? ವಡೆ ಮಾಡೋರ ತಲೆನೋವು ಬರೀ ರುಬ್ಬೋದಲ್ಲ, ಹಿಟ್ಟು ಕೈಗೆ ಅಂಟ್ಕೊಂಡು ಮಧ್ಯದ ತೂತು ಸರಿಯಾಗಿ ಬರದೇ ಇರೋದೂ ಹೌದು. ಅದಕ್ಕೆ ಪ್ಯಾಕೆಟ್ ಒತ್ತಿದ್ರೆ ತೂತಿನ ಸಮೇತ ವಡೆ ಎಣ್ಣೆಗೆ ಬೀಳೋ ಹಾಗೆ ಮಾಡಿದ್ರು. ರುಚಿ ಒಂದನ್ನೇ ನಂಬ್ಕೊಂಡು ಕೂತಿದ್ರೆ ಈ ಐಡಿಯಾ ಬರ್ತಿರಲಿಲ್ಲ.

ಇನ್ನೊಂದು ಮಾತು, ಪಿಜಿ ಹುಡುಗನ ವಿಷಯದಲ್ಲಿ ನಿಮಗೆ ಕಾಂಪಿಟಿಷನ್ ಪಕ್ಕದ ಬ್ರ್ಯಾಂಡ್ ಅಲ್ಲ, ಅವ್ವ ಬಸ್ಸಲ್ಲಿ ಕಳಿಸೋ ಡಬ್ಬಿ! ರುಚಿಯಲ್ಲೂ ಗೆಲ್ಲೋಕಾಗಲ್ಲ, ರೇಟಲ್ಲಂತೂ ಕೇಳಲೇಬೇಡಿ. ಆ ಡಬ್ಬಿ ಖಾಲಿಯಾಗಿ ಊರಿಗೆ ಹೋಗೋಕೆ ಇನ್ನೂ ಟೈಮ್ ಇದ್ಯಲ್ಲ, ಆ ಗ್ಯಾಪೇ ನಿಮ್ಮ ಮಾರ್ಕೆಟ್. ಅಂದ್ರೆ ನಿಮ್ಮ ಮಾಲು ಪಿಜಿ ಪಕ್ಕದ ಅಂಗಡೀಲೇ ಇರಬೇಕು.

ರೇಟು: ಹಿಂದಿನಿಂದ ಲೆಕ್ಕ ಹಾಕಿ

ಬಹಳ ಜನ ಸಾಮಾನಿನ ಖರ್ಚಿಗೆ ಸ್ವಲ್ಪ ಲಾಭ ಸೇರಿಸಿ ರೇಟು ಇಡ್ತಾರೆ, ಅದು ಉಲ್ಟಾ. ಉದಾಹರಣೆಗೆ 200 ಗ್ರಾಂ ಪ್ಯಾಕೆಟ್ 100 ರೂಪಾಯಿಗೆ ಹೋಗತ್ತೆ ಅನ್ಕೊಳ್ಳಿ. ಅಂಗಡಿಯವರಿಗೆ 20 ಬಿಟ್ರೆ 80. ಪೌಚು, ಲೇಬಲ್ಲು 7, ಸಾಗಾಟ 6, ಉಳೀತು 67. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ ಎಲ್ಲ ಸೇರಿ 36 ಆದ್ರೆ 31. ಹುರಿಯೋಕೆ, ಕುಟ್ಟೋಕೆ ಆಳು, ಗ್ಯಾಸು 15 ಹೋದ್ರೆ ಕೈಲಿ 16. ಇದರಲ್ಲೇ ವಾಪಸ್ ಬರೋ ಪ್ಯಾಕೆಟ್ಟು, ಸ್ಯಾಂಪಲ್ಲು, ಟ್ಯಾಕ್ಸು, ಮೆಣಸಿನಕಾಯಿ ರೇಟು ಏರಿದ್ರೆ ಆ ಹೊಡೆತ ಎಲ್ಲಾ. ನಿಮ್ಮ ಸ್ವಂತ ದುಡಿಮೆಗೂ ಕೂಲಿ ಹಿಡೀರಿ, ಮನೆಯವರೇ ಮಾಡ್ತಾರೆ ಅಂತ ಸೊನ್ನೆ ಬರೆಯೋದು ಬೇಡ. ಲೆಕ್ಕ ಕೂರದಿದ್ರೆ ಪ್ಯಾಕೆಟ್ ಸೈಜ್ ಬದಲಿಸಿ ಇಲ್ಲಾ ಅಂಗಡಿ ಬಿಟ್ಟು ಪಿಜಿ ಮಾಲೀಕರ ಜೊತೆ ನೇರ ಮಾತಾಡಿ, ಶೇಂಗಾ ಕಮ್ಮಿ ಮಾಡಿ ಪುಟಾಣಿ ಬೆರೆಸೋ ಕೆಲಸ ಮಾತ್ರ ಬೇಡ.

ಲೇಬಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್, ತೂಕ, ಎಂಆರ್‌ಪಿ, ಮಾಡಿದ ದಿನ, ಎಲ್ಲಿವರೆಗೆ ತಿನ್ನಬಹುದು, ಹಸಿರು ಗುರುತು, ಶೇಂಗಾ ಇದೆ ಅನ್ನೋ ಅಲರ್ಜಿ ಎಚ್ಚರಿಕೆ ಇರಲಿ.

ಏನು ಮಾಡಲ್ಲ?

ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೀರಿ: ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ, ಮದುವೆ ಆರ್ಡರ್ ಇಲ್ಲ. ನೆಂಟರು ಬೇಜಾರಾಗ್ತಾರೆ, ಆಗಲಿ. ಜೀವನಪೂರ್ತಿ ಒಂದೇ ಐಟಂ ಅಂತಲ್ಲ. ಎಂಟಿಆರ್‌ನವರು 1924ರಲ್ಲಿ ಹೋಟೆಲ್ಲಿಂದ ಶುರು ಮಾಡಿ ರೆಡಿ ಮಿಕ್ಸ್‌ಗೆ ಬಂದಿದ್ದು ಐವತ್ತು ವರ್ಷ ಆದ್ಮೇಲೆ, ಅದೂ ಕೈಯಲ್ಲಿದ್ದ ಅಡುಗೆ ವಿದ್ಯೆಯನ್ನೇ ಪ್ಯಾಕೆಟ್‌ಗೆ ಹಾಕಿ. ನೀವೂ ಎರಡನೇ ಐಟಂ ತರೋದಾದ್ರೆ ಅದೇ ಗಿರಾಕಿಗೆ, ಅದೇ ಬಾಣಲೇಲಿ ಆಗೋದನ್ನೇ ತನ್ನಿ.

ಇನ್ನು ಟೆಸ್ಟಿಂಗು

ಒಂದೇ ಸಲ ಮೂಟೆಗಟ್ಟಲೆ ಶೇಂಗಾ ತರಬೇಡಿ. ಐವತ್ತು ಪ್ಯಾಕೆಟ್ ಮಾಡಿ, ಹತ್ತು ನಿಮ್ಮ ಹತ್ರ ಇಟ್ಕೊಂಡು ವಾರಕ್ಕೊಂದು ಒಡೆದು ಮೂಸಿ ನೋಡಿ, ಕಮಟು ವಾಸನೆ ಬಂದ ವಾರ ಬರ್ಕೊಂಡು ಲೇಬಲ್ ಮೇಲೆ ಅದಕ್ಕಿಂತ ಸಾಕಷ್ಟು ಮುಂಚಿನ ತಾರೀಖು ಹಾಕಿ, ಅದನ್ನೂ ಒಂದ್ಸಲ ಲ್ಯಾಬಲ್ಲಿ ಟೆಸ್ಟ್ ಮಾಡಿಸಿ ಗಟ್ಟಿ ಮಾಡ್ಕೊಳ್ಳಿ. ಮಿಕ್ಕ ನಲವತ್ತನ್ನ ಮಾರಿ, ಆದ್ರೆ ಮೊದಲ ಸಲ ಕೊಂಡವರನ್ನ ಲೆಕ್ಕಕ್ಕೆ ಹಿಡೀಬೇಡಿ, ಅದರಲ್ಲಿ ಅರ್ಧ ನಿಮ್ಮ ಮುಖ ನೋಡಿ ಕೊಂಡಿರ್ತಾರೆ. ನೀವು ಫೋನ್ ಮಾಡದೇ ಅವರಾಗೇ ಎರಡನೇ ಸಲ ಕೇಳಿದವರು ಎಷ್ಟು ಜನ ಅನ್ನೋದನ್ನ ನೋಡಿ. ಎಷ್ಟು ಬಂದ್ರೆ ಮುಂದುವರಿಯೋದು, ಎಷ್ಟಕ್ಕಿಂತ ಕಮ್ಮಿ ಆದ್ರೆ ಗಿರಾಕಿಯನ್ನೇ ಬದಲಿಸಿ ಖಾನಾವಳಿ ಕಡೆ ಹೋಗೋದು ಅಂತ ಮಾರೋಕೆ ಹೊರಡೋ ಮುಂಚೆನೇ ಹಾಳೇಲಿ ಬರೆದಿಟ್ಟಿರಿ, ಆಮೇಲೆ ಬರೆಯೋಕೆ ಕೂತ್ರೆ ಮನಸ್ಸು ಸಮಾಧಾನಕ್ಕೆ ಒಂದು ನಂಬರ್ ಹುಡುಕ್ಕೊಳ್ಳತ್ತೆ.