ಗುಜರಿ ಅಂಗಡಿಯಲ್ಲಿ ಟಿಬಿ ಮಾತ್ರೆ

ಕ್ಷಯಕ್ಕೆ ಮದ್ದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಸಿಗುತ್ತದೆ. ಮದ್ದಿಗೆ ಬಗ್ಗುವ ಸಾಮಾನ್ಯ ಕ್ಷಯವಾದರೆ ಆರು ತಿಂಗಳು ದಿನವೂ ಮಾತ್ರೆ ನುಂಗಬೇಕು. ಆದರೆ ಇವತ್ತು ಕೆ.ಆರ್. ಮಾರುಕಟ್ಟೆಯ ಮೇಲ್ಸೇತುವೆಯ ಕೆಳಗೆ, ನಾಳೆ ಕಲಾಸಿಪಾಳ್ಯದಲ್ಲಿ, ಪೊಲೀಸರು ಎಬ್ಬಿಸಿದರೆ ನಾಡಿದ್ದು ಇನ್ನೆಲ್ಲೋ ಮಲಗುವವನು ಆ ಮಾತ್ರೆಗಳನ್ನು ಎಲ್ಲಿಡಬೇಕು? ಚೀಲ ಕಳವಾಗುತ್ತದೆ, ಇಲ್ಲವೇ ಮಳೆಗೆ ನೆನೆಯುತ್ತದೆ. ಮೊಬೈಲ್ ಇಲ್ಲದವನನ್ನು ಹುಡುಕುವುದಾದರೂ ಎಲ್ಲಿ? ಬೆಂಗಳೂರಿನಲ್ಲಿ ಕ್ಷಯರೋಗಿಗಳ ಮೇಲ್ವಿಚಾರಣೆಯ ಕೆಲಸ ಮಾಡುವ ನನಗೆ ಇದಕ್ಕೊಂದು ದಾರಿ ತೋರಿಸಿದವರು ಜಾಲಿ ಮೊಹಲ್ಲಾ ಕಡೆಯ ಒಬ್ಬ ಗುಜರಿ ವ್ಯಾಪಾರಿ.

ಮಾತ್ರೆ ಬಿಟ್ಟು ಕಣ್ಮರೆಯಾದ ಒಬ್ಬ ಚಿಂದಿ ಆಯುವ ಹುಡುಗನನ್ನು ಹುಡುಕುತ್ತಾ ಅವರ ಅಂಗಡಿಗೆ ಹೋಗಿದ್ದೆ. "ಕೆಮ್ಮುವವರನ್ನೆಲ್ಲ ಇಲ್ಲಿ ಸೇರಿಸಬೇಡಿ ಮೇಡಂ, ನನ್ನ ಕೆಲಸಗಾರರಿಗೂ ಹತ್ತಿದರೆ ಯಾರು ನೋಡುತ್ತಾರೆ?" ಎಂದು ಮುಖಕ್ಕೇ ಹೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ನಾನು ಅಲ್ಲೇ ರಟ್ಟಿನ ಕಟ್ಟಿನ ಮೇಲೆ ಕುಳಿತು ವಿವರಿಸಿದೆ: ಸರಿಯಾದ ಮದ್ದು ಶುರುವಾದರೆ ಸಾಮಾನ್ಯವಾಗಿ ಎರಡು ವಾರಗಳಲ್ಲಿ ಹರಡುವ ಶಕ್ತಿ ಬಹಳ ಇಳಿಯುತ್ತದೆ, ಅಪಾಯವಿರುವುದು ಮದ್ದಿಲ್ಲದೆ ಓಡಾಡುವವನಿಂದ. ಅವರ ಕೆಲಸಗಾರರೆಲ್ಲರ ತಪಾಸಣೆ ಮಾಡಿಸುವ ಮಾತು ಕೊಟ್ಟೆ. ಎಕ್ಸ್‌ರೇಗೆ ಎಲ್ಲರಿಗಿಂತ ಮೊದಲು ಬಂದು ನಿಂತವರು ಅವರೇ.

ಅವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಸಿಟ್ಟಿದೆ, ಈಗಲೂ ಇದೆ. ಆಯುವವರಿಗೆ ಮುಂಗಡ ಕೊಟ್ಟು, ತಂದ ಮಾಲಿನ ಬೆಲೆಯಲ್ಲಿ ದಿನವೂ ಮುರಿದುಕೊಳ್ಳುತ್ತಾರೆ. ಆದರೆ ಅದೇ ಕಾರಣಕ್ಕೆ ಪ್ರತಿಯೊಬ್ಬನೂ ದಿನವೂ ಅವರ ಕಣ್ಣಿಗೆ ಬೀಳುತ್ತಾನೆ. ಯಾರು ಬಂದಿಲ್ಲ, ಯಾರು ಯಾರ ಪಕ್ಕ ಮಲಗುತ್ತಾರೆ, ಯಾರ ಕೈ ನಡುಗುತ್ತಿದೆ, ಎಲ್ಲವೂ ಅವರಿಗೆ ಗೊತ್ತು. ನಮ್ಮ ಯಾವ ದಾಖಲೆಯಲ್ಲೂ ಇಷ್ಟು ವಿವರ ಇರಲಿಲ್ಲ.

ಹೀಗೆ ಒಂದು ಕ್ರಮ ರೂಪಿಸಿದೆವು. ಮಾತ್ರೆಯ ಸ್ಟ್ರಿಪ್‌ಗಳು ಅವರ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಲ್ಲಿ, ಪ್ರತಿಯೊಬ್ಬನ ಹೆಸರಿನಲ್ಲಿ. ಬೆಳಿಗ್ಗೆ ಮಾಲು ತೂಗುವ ಮೊದಲು ಒಳಕೋಣೆಯಲ್ಲಿ ಒಬ್ಬೊಬ್ಬನೇ ಬಂದು ನೀರು ಕುಡಿದು ನುಂಗಬೇಕು, ಬೇರೆಯವರ ಎದುರಿಗೆ ಬೇಡ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಒಳ್ಳೆಯದು, ತಿಂಡಿ ಆಮೇಲೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಿಫಾಂಪಿಸಿನ್ ಎಂಬ ಟಿಬಿ ಮದ್ದಿನಿಂದ, ಹೆದರಬೇಡಿ ಎಂದು ಮೊದಲ ದಿನವೇ ಹೇಳಿಬಿಡಬೇಕು. ಹೇಳದಿದ್ದರೆ ರಕ್ತ ಎಂದುಕೊಂಡು ಓಡಿಹೋಗುತ್ತಾರೆ. ಕಣ್ಣು ಹಳದಿಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ನನಗೆ ಫೋನ್ ಮಾಡಬೇಕು. ಕುಡಿಯುವವರಲ್ಲಿ ಯಕೃತ್ತಿಗೆ ಪೆಟ್ಟು ಬೀಳುವ ಭಯ ಹೆಚ್ಚು. ಅಂದಿನಿಂದ ಅಂಗಡಿಯ ಸಾಹೇಬರು ಕಬ್ಬಿಣದ ಜೊತೆಗೆ ಕಣ್ಣುಗಳನ್ನೂ ಪರೀಕ್ಷಿಸತೊಡಗಿದರು.

ತೂಗುವ ಯಂತ್ರದಲ್ಲಿ ಮನುಷ್ಯರನ್ನೂ ನಿಲ್ಲಿಸುವ ಯೋಚನೆ ಅವರದೇ. ಟಿಬಿ ಮಾತ್ರೆಯ ಪ್ರಮಾಣ ತೂಕದ ಮೇಲೆ ನಿಂತಿದೆ: ದೊಡ್ಡವರಲ್ಲಿ 25ರಿಂದ 34 ಕಿಲೋ ಇರುವವರಿಗೆ ದಿನಕ್ಕೆ ಎರಡು ಮಾತ್ರೆ, 35ರಿಂದ 49 ಇದ್ದರೆ ಮೂರು, 50ರಿಂದ 64 ಇದ್ದರೆ ನಾಲ್ಕು. ಬೀದಿಯ ರೋಗಿಗಳಲ್ಲಿ ಹೆಚ್ಚಿನವರು ಕೆಳಗಿನ ಎರಡು ಮಟ್ಟಗಳಲ್ಲೇ ಇರುತ್ತಾರೆ. ತಿಂಗಳಿಗೊಮ್ಮೆ ತೂಗಿ, ಹಿತ್ತಾಳೆ, ತಾಮ್ರ, ಪ್ಲಾಸ್ಟಿಕ್ ಲೆಕ್ಕದ ಅದೇ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಬ್ಬನ ತೂಕ ಏರಿದರೆ ನನಗೆ ಕೂಡಲೇ ಫೋನ್: "ಅಕ್ಕ, ನಿಮ್ಮ ಹುಡುಗ ನಲವತ್ತು ದಾಟಿದ!" ಮೇಡಂ ಎಂಬುದು ಅಕ್ಕ ಆದದ್ದು ಯಾವಾಗ ಎಂದು ನನಗೆ ನೆನಪಿಲ್ಲ.

ಆಹಾರದ್ದು ಬೇರೆಯೇ ಕಷ್ಟ. ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ಕ್ಷಯರೋಗಿಗೆ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಹಣ ಹೋಗುವುದು ಬ್ಯಾಂಕ್ ಖಾತೆಗೆ. ಗುರುತಿನ ಚೀಟಿ ಇಲ್ಲದವನಿಗೆ ಖಾತೆ ಎಲ್ಲಿಂದ ಬರಬೇಕು? ಇದು ಹಸಿದವನನ್ನೇ ಹೊರಗಿಡುವ ನಿಯಮ ಎಂದು ನಾನು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ. ಸಾಹೇಬರು ಪಕ್ಕದ ಹೋಟೆಲಿನಲ್ಲಿ ಮಾತನಾಡಿ, ಮಾತ್ರೆ ನುಂಗಿದವರಿಗೆ ಅನ್ನ, ಮೊಟ್ಟೆ ಹಾಕಿಸಿದರು. ಅದನ್ನು ಯಾರ ಮುಂಗಡಕ್ಕೂ ಸೇರಿಸಲಿಲ್ಲ.

ನಮ್ಮಿಬ್ಬರ ನಡುವಿನ ಅಂತರ ಪೂರ್ತಿ ಕಳೆದದ್ದು ಒಂದು ಸಾವಿನಲ್ಲಿ. ಕ್ಷಯದ ಜೊತೆಗೆ ಎಚ್‌ಐವಿಯೂ ಇದ್ದ ಒಬ್ಬ ಹಿರಿಯರು ರಕ್ತ ಕಾರತೊಡಗಿದರು. ನಾವು ಕರೆದೊಯ್ದ ಆಸ್ಪತ್ರೆಯಲ್ಲಿ, ಜೊತೆಗೆ ಒಬ್ಬರು ಇಲ್ಲದೆ ದಾಖಲು ಮಾಡಿಕೊಳ್ಳುವುದಿಲ್ಲ ಎಂದರು. ಅದು ನ್ಯಾಯವಲ್ಲ, ಯಾರೂ ಇಲ್ಲದವನಿಗೆ ಹಾಸಿಗೆಯ ಅಗತ್ಯ ಎಲ್ಲರಿಗಿಂತ ಹೆಚ್ಚು. ನಾನು ವಾದಿಸುತ್ತಾ ನಿಂತಿರುವಾಗಲೇ ಸಾಹೇಬರು ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬಂದು, "ನಾನಿದ್ದೇನೆ, ಬರೆದುಕೊಳ್ಳಿ" ಎಂದರು. ಹಗಲು ನಾನು, ರಾತ್ರಿ ಅವರು. ಮೈ ಒರೆಸಿದರು, ಬಾಯಿಗೆ ಗಂಜಿ ಹಾಕಿದರು. ಮೂಗು ಬಾಯಿ ಮುಚ್ಚುವ ಮಾಸ್ಕ್ ತೆಗೆಯಬೇಡಿ ಎಂದು ನಾನು ಗದರಿಸುತ್ತಿದ್ದೆ. ಹಿರಿಯರು ತೀರಿಕೊಂಡ ಮೇಲೆ ಪೊಲೀಸ್ ಠಾಣೆಯ ಕಾಗದ ಪತ್ರಗಳಿಗೂ ಸ್ಮಶಾನಕ್ಕೂ ಇಬ್ಬರೂ ಜೊತೆಗೆ ಹೋದೆವು. ಚಟ್ಟಕ್ಕೆ ಹೆಗಲು ಕೊಟ್ಟವರೆಲ್ಲ ಆ ಅಂಗಡಿಗೆ ಮಾಲು ಹಾಕುವವರೇ.

ಮರುದಿನ ನಾನು ಮುಂಗಡದ ಮಾತು ಎತ್ತಿದೆ. ಆ ಹಿರಿಯರ ಹೆಸರಿನಲ್ಲಿದ್ದ ಸಾಲವನ್ನು ಅವರು ಆಗಲೇ ಹೊಡೆದುಹಾಕಿದ್ದರು. ಬದುಕಿರುವವರ ಸಾಲದ ಗತಿ ಏನು ಎಂದು ಕೇಳಿದೆ. ಜೋರಾಗಿಯೇ ಜಗಳವಾಡಿದೆವು. ಮುಂಗಡ ನಿಲ್ಲಿಸಿದರೆ ಇವರು ಮೀಟರ್ ಬಡ್ಡಿಯವರ ಕೈಗೆ ಬೀಳುತ್ತಾರೆ ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. ಕೊನೆಗೆ, ಮದ್ದಿನ ಆರು ತಿಂಗಳು ಯಾರ ಸಾಲವನ್ನೂ ಮುರಿದುಕೊಳ್ಳುವುದಿಲ್ಲ ಎಂಬಲ್ಲಿಗೆ ಬಂದು ನಿಂತೆವು. ಪೂರ್ತಿ ಸಂಪಾದನೆ ಕೈಗೆ ಸಿಗುತ್ತದೆ ಎಂದಾದ ಮೇಲೆ ಮಾತ್ರೆ ತಪ್ಪಿಸುವವರು ಕಡಿಮೆಯಾದರು.

ಆಯುವವರು ಅಂಗಡಿ ಬದಲಿಸುತ್ತಾರೆ, ಹಾಗಾಗಿ ಒಂದೇ ಅಂಗಡಿ ಸಾಲದು. ಆ ಗಲ್ಲಿಯ ಬೇರೆ ಮಾಲೀಕರೊಡನೆ ಈಗ ನನ್ನ ಪರವಾಗಿ ಮಾತನಾಡುವವರು ಸಾಹೇಬರೇ. ಇಬ್ಬರು ಡಬ್ಬಿ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಇನ್ನೊಬ್ಬರು, ಆರು ತಿಂಗಳ ಬಾಕಿಯನ್ನು ಯಾರು ತುಂಬಿಕೊಡುತ್ತಾರೆ ಎಂದು ಕೇಳಿದ್ದಾರೆ. ಶುಕ್ರವಾರ ನಮಾಜ್ ಮುಗಿದ ಮೇಲೆ ಅವರ ಬಳಿ ಮತ್ತೊಮ್ಮೆ ಹೋಗಲಿದ್ದೇವೆ.